ತಕರಾರು ಫಕ್ರುಸಾಬ

ಜೀಪು ದವಾಖಾನೆಯ ಮುಂದೆ ನಿಂತಾಗ ಫಕ್ರುಸಾಬ ಹೊಲಿಗೆ ಯಂತ್ರ ಬಿಟ್ಟು ಎದ್ದ. ಈ ಸಲ ಡಾಕ್ಟರ ಕುತ್ತಿಗೆಗೇ ಬಂತು ಎಂದುಕೊಂಡಿತು ಊರು.

ಹಾನಗಲ್ ತಾಲೂಕಿನ ಆ ಊರಲ್ಲಿ ಅವನಿಗೆ ತಕರಾರು ಫಕ್ರುಸಾಬ ಎಂದೇ ಹೆಸರು. ಎಪ್ಪತ್ನಾಲ್ಕರಿಂದ, ಅಂದರೆ ಎಂಟು ವರ್ಷಗಳಿಂದ, ಸರ್ಕಾರಿ ದವಾಖಾನೆಯ ಮೇಲೆ ಅರ್ಜಿ ಹಾಕುವುದು ಅವನ ಎರಡನೆಯ ಕಸುಬು. ಸೂಜಿ ಕುದಿಸುವ ಪಾತ್ರೆ ತೂತಾಗಿದೆ ಎಂದು ಬರೆದ, ಪಾತ್ರೆ ಬಂತು. ಹೆರಿಗೆ ಕೋಣೆಗೆ ಬಾಗಿಲಿಲ್ಲ ಎಂದು ಬರೆದ, ಬಾಗಿಲು ಬಂತು. ಪ್ರತಿ ಸಲವೂ ಹುಯಿಲಗೋಳ ಡಾಕ್ಟರಿಗೆ ಒಂದು ನೋಟೀಸೂ ಬಂತು.

ಬರೆದ ಎನ್ನುವುದು ಮಾತಿಗೆ. ಅವನಿಗೆ ಕತ್ತರಿ ಹಿಡಿಯಲು ಬರುತ್ತಿತ್ತು, ಪೆನ್ನು ಹಿಡಿಯಲು ಬರುತ್ತಿರಲಿಲ್ಲ. ಏಳನೆಯ ಇಯತ್ತೆ ಓದಿದ ಸೊಸೆ ಬಾನುಬಿ ಮುತ್ತಿನಂಥ ಅಕ್ಷರದಲ್ಲಿ ಬರೆದರೆ ಇವನು ಹೆಬ್ಬೆಟ್ಟು ಒತ್ತುತ್ತಿದ್ದ.

ಅವನಿಗೂ ಡಾಕ್ಟರಿಗೂ ಹಾವು ಮುಂಗುಸಿ ವೈರ. ಬೀದಿಯಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಿದ್ದರು. ಆದರೆ ಊರಿಗೆ ಒಬ್ಬನೇ ದರ್ಜಿ. ಹಾಗಾಗಿ ಡಾಕ್ಟರು ತಿಂಗಳಿಗೊಮ್ಮೆ ಅಂಗಿಯ ಅಳತೆ ಕೊಡಲು ಅವನ ಅಂಗಡಿಗೆ ಹೋಗಲೇಬೇಕಿತ್ತು. ಮೈಮೇಲೆ ಮಾತ್ರ ಅವೇ ಎರಡು ಅಂಗಿ.

ಈ ಸಲದ ಅರ್ಜಿ ಹಾವಿನ ವಿಷ ಇಳಿಸುವ ಇಂಜೆಕ್ಷನ್ನಿಗೆ. ಹೋದ ವರ್ಷ ಭತ್ತದ ಕೊಯ್ಲಿನಲ್ಲಿ ಉಡಚವ್ವನ ಗಂಡನಿಗೆ ಹಾವು ಕಚ್ಚಿತ್ತು. ದವಾಖಾನೆಯಲ್ಲಿ ಔಷಧವಿರಲಿಲ್ಲ. ಹುಬ್ಬಳ್ಳಿ ಬಸ್ಸಿನಲ್ಲಿ, ಹೆಂಡತಿಯ ತೊಡೆಯ ಮೇಲೆ ಜೀವ ಹೋಯಿತು. ಈಗ ಮತ್ತೆ ಕೊಯ್ಲು ಬಂದಿತ್ತು. ಕಪಾಟು ಹಾಗೆಯೇ ಖಾಲಿ ಇತ್ತು.

ಜೀಪಿನಿಂದಿಳಿದ ಜಿಲ್ಲಾ ಆರೋಗ್ಯ ಕಚೇರಿಯ ಸಾಹೇಬರು ಕುರ್ಚಿ ಎಳೆದು ಕೂತರು. ಡಾಕ್ಟರ ವರ್ಗಾವಣೆಯ ಹುಕುಂ ಅವರ ಚೀಲದಲ್ಲೇ ಇತ್ತು, ಸಹಿಯೊಂದು ಬಾಕಿ.

"ಔಷಧ ಯಾಕ ಇಲ್ರಿ, ಡಾಕ್ಟರ?"

"ಮೂರು ಸಲ ಬರದೇನ್ರಿ. ಉತ್ತರ ಇಲ್ಲ."

"ನನ್ನ ಮುಂದ ಬಂದಿದ್ದು ಇದೊಂದ."

ಸಾಹೇಬರು ಅರ್ಜಿ ಬಿಚ್ಚಿದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಹಾವು, ಸಾವು ಎಂಬ ಎರಡೇ ಪದ ತಿಳಿಯುತ್ತಿದ್ದವು. ಅವೆರಡಕ್ಕೇ ಜೀಪು ಬಂದಿತ್ತು.

"ಯಾರು ಬರದದ್ದಪಾ ಇದನ್ನ?"

"ಯಾವಾಗ್ಲೂ ಸೊಸಿ ಬರೀತಾಳ್ರಿ," ಎಂದ ಫಕ್ರುಸಾಬ. "ಬಾಣಂತನಕ್ಕ ಬಂಕಾಪುರಕ್ಕ ಹೋಗ್ಯಾಳ."

"ಮತ್ತ ಇದು?"

ಫಕ್ರುಸಾಬ ಕೊರಳಲ್ಲಿದ್ದ ಟೇಪು ಸರಿಮಾಡಿಕೊಂಡ. "ಅವಸರ ಇತ್ರಿ ಸಾಹೇಬ್ರ. ಕೊಯ್ಲು ಯಾರಿಗೂ ಕಾಯೂದಿಲ್ಲ."

ಶಾಲೆಯ ಹೆಡ್ ಮಾಸ್ತರರು ಓದಲು ನೋಡಿ ಸೋತರು. ಮೂಲೆಯಲ್ಲಿ ಔಷಧ ಬೆರೆಸುತ್ತಿದ್ದ ಕಾಂಪೌಂಡರ್ ನೀಲಪ್ಪ ಕೈ ಒರೆಸಿಕೊಂಡು ಬಂದ. ಒಂದು ಕೈಯಲ್ಲಿ ರೋಗಿಯೊಬ್ಬನ ಔಷಧದ ಚೀಟಿ ಇತ್ತು. ಇನ್ನೊಂದು ಕೈಯಲ್ಲಿ ಅರ್ಜಿ ಹಿಡಿದು ಎಲ್ಲೂ ತಡವರಿಸದೆ ಓದಿದ:

"ಈ ಡಾಕ್ಟರನಷ್ಟು ಕೈಲಾಗದವನನ್ನು ನಾವು ಕಂಡಿಲ್ಲ. ಕಣ್ಣ ಮುಂದೆ ಜನ ಸತ್ತರೂ ಸುಮ್ಮನಿದ್ದಾನೆ. ಹಾವಿನ ವಿಷದ ಔಷಧ ಹತ್ತು ಬಾಟಲಿ ಬೇಕು. ಎರಡರಿಂದ ಎಂಟು ಡಿಗ್ರಿಯಲ್ಲಿಡಲು ಫ್ರಿಜ್ಜೂ ಬೇಕು."

ಹೆಬ್ಬೆಟ್ಟಿನ ಗುರುತಿನ ಹತ್ತಿರ ಬಂದವನೇ ಅವನು ತಲೆಯೆತ್ತಿದ. ಮುಖ ಸಣ್ಣದಾಯಿತು.

ಬಾಗಿಲಲ್ಲಿ ನಿಂತ ಉಡಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಡಾಕ್ಟರು ತಿರುಗದ ಫ್ಯಾನನ್ನು ನೋಡುತ್ತಿದ್ದರು. ಸಾಹೇಬರು ನೀಲಪ್ಪನ ಕೈಯಿಂದ ಅರ್ಜಿ ತೆಗೆದುಕೊಂಡರು, ಚೀಟಿಯನ್ನೂ ತೆಗೆದುಕೊಂಡರು, ಎರಡನ್ನೂ ತುಸು ಹೊತ್ತು ನೋಡಿ ಚೀಟಿ ಹಿಂದಕ್ಕೆ ಕೊಟ್ಟರು.

"ನಾಳಿ ಸಂಜಿ ಒಳಗ ಔಷಧ ಬರತೈತಿ. ಫ್ರಿಜ್ಜಿಗೆ ಎಂಟು ದಿನ ಕೊಡ್ರಿ," ಎಂದರು.

ಹುಕುಂ ಚೀಲದಿಂದ ಹೊರಗೆ ಬರಲಿಲ್ಲ. ಊರಿಗೆ ಇದು ಅರ್ಥವಾಗಲಿಲ್ಲ. ಜೀಪು ಹತ್ತುವಾಗ ಸಾಹೇಬರು ಫಕ್ರುಸಾಬನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು:

"ಮುಂದಿನ ತಕರಾರು ಸೊಸಿ ಬಂದ ಮ್ಯಾಲೆ ಬರಸಪಾ. ನಿಮ್ಮ ಡಾಕ್ಟರ ಅಕ್ಷರ ನಮಗ ತಿಳಿಯಂಗಿಲ್ಲ."