ಕೋಳಿಪುಕ್ಕದ ಹುಳು

ಜೈಲರ್ ಸಾಹೇಬರಿಗೆ ಮೀನು ಹಿಡಿಯುವ ಹುಚ್ಚು. ಬೇಸಿಗೆಯ ಸಂಜೆ ಹೊಳೆಯಿಂದ ಹುಳುಗಳು ರೆಕ್ಕೆ ಬಿಚ್ಚಿ ಏಳುವ ಹೊತ್ತಿಗೆ ಟ್ರೌಟ್ ಮೀನುಗಳು ಮೇಲೆ ಬಂದು ಬಾಯಿ ಹಾಕುತ್ತವೆ. ಆಗ ಸಾಹೇಬರ ಗಾಳದ ತುದಿಯಲ್ಲಿ ತೇಲುತ್ತಿದ್ದುದು ಕೈದಿ ಜವರ ಕೋಳಿಪುಕ್ಕದಲ್ಲಿ ಕಟ್ಟಿಕೊಟ್ಟ ಹುಳು. ನಿಜದ ಹುಳುವೇ ನಾಚಬೇಕು, ಹಾಗೆ ಕಟ್ಟುತ್ತಿದ್ದ. ಆದರೂ ಸನ್ನಡತೆಯ ಬಿಡುಗಡೆಗೆ ಅವನ ಹೆಸರು ಬರುತ್ತಲೇ ಇರಲಿಲ್ಲ.

"ನಿನ್ ಹುಳಕ್ಕೆ ಮೀನು ಬೀಳ್ತಾ ಇರೋ ತನಕ ಸಾಯೇಬ್ರು ನಿನ್ನ ಬುಡಾಕಿಲ್ಲ ಕಣ್ಲಾ," ಎಂದ ಪಕ್ಕದ ಚಾಪೆಯವನು. "ಹಾಲು ಕರಿಯೋ ಹಸೂನ ಯಾರಾದ್ರೂ ಹಗ್ಗ ಬಿಚ್ಚಿ ಓಡಿಸ್ತಾರಾ?"

ಮಾತು ಜವರನ ಎದೆಗೆ ನಾಟಿತು. ಈ ಸಲ ಹುಳುವಿನ ಹೊಟ್ಟೆಗೆ ತಾಮ್ರದ ತಂತಿ ಸುತ್ತಿ ಮೇಲೆ ಪುಕ್ಕ ಕಟ್ಟಿದ. ನೋಡಲು ಕುಂದಿಲ್ಲ, ನೀರಿಗೆ ಬಿದ್ದರೆ ಕಲ್ಲು.

ಸೋಮವಾರ ಸಾಹೇಬರು ಕಂಬಿಯ ಮುಂದೆ ಬಂದು ನಿಂತರು.

"ಹೊಳೆ ತುಂಬ ಹುಳು ಎದ್ದಿತ್ತು. ನಿಂದೊಂದೇ ಮುಳುಗ್ತು ಜವರ. ಒಂದು ಮೀನೂ ಬೀಳಲಿಲ್ಲ."

"ಕೈ ಸೋತೋಯ್ತು ಬುದ್ಧಿ. ಇನ್ನು ನನ್ ಕೈಲಾಗಾಕಿಲ್ಲ." ತಲೆ ತಗ್ಗಿಸಿಕೊಂಡೇ ಜವರ ಒಳಗೊಳಗೆ ಹಿಗ್ಗಿದ.

ಸಾಹೇಬರು ನಿಟ್ಟುಸಿರು ಬಿಟ್ಟರು.

"ನಿನ್ನೆ ಗಾಳ ಹಿಡಿದಿದ್ದು ನಾನಲ್ಲವೋ. ಬಿಡುಗಡೆಗೆ ಸಹಿ ಹಾಕೋ ದೊಡ್ಡ ಸಾಹೇಬರನ್ನ ಕರ್ಕೊಂಡು ಹೋಗಿದ್ದೆ, ಮೀನು ಬಿದ್ದ ಖುಷೀಲಿ ಇರುವಾಗ ನಿನ್ನ ಹೆಸರು ಎತ್ತೋಣ ಅಂತ."