ಮೂಲೆ ಮಂಚದ ಪಾಠ

"ಅಕ್ಕ, ಒಂದು ಕೈ ಹಿಡೀರಿ! ಜಾರ್ತಿದ್ದಾರೆ!"

ವಾರ್ಡಿನ ಹಳೇ ಆಯಾ ದೊಡ್ಡಕ್ಕ ಬಾಗಿಲು ಬಿಟ್ಟು ಕದಲಲಿಲ್ಲ. "ಗೋಡೆ ಕಡೆಗೆ ತಿರುಗಿಸು. ಆ ಮಗ್ಗುಲಿಗೇ ನಿದ್ದೆ ಬರೋದು," ಎಂದಳು, ದನಿ ತಗ್ಗಿಸಿ.

ಹೊಸ ಸಹಾಯಕಿ ಮೊಣಕಾಲನ್ನು ಮಂಚಕ್ಕೆ ಆನಿಸಿ, ಲಕ್ವ ಹೊಡೆದ ಮುದುಕನ ಭಾರವನ್ನು ಹೇಗೋ ತಡೆದಳು.

ಮಗ್ಗುಲು ಬದಲಿಸಲು ಇಬ್ಬರು ಬೇಕು. ಅದು ವಾರ್ಡಿನ ನಿಯಮ. ಕೆಲಸ ಕಲಿಸಬೇಕಾದ ದೊಡ್ಡಕ್ಕ ಉಳಿದ ಮಂಚಗಳ ಬಳಿ ಗದರುತ್ತಲೇ ಕೈಜೋಡಿಸುತ್ತಿದ್ದಳು. ಅವಳ ಗಂಟಲು ವರಾಂಡದವರೆಗೂ ಕೇಳುತ್ತಿತ್ತು. ಮೂಲೆ ಮಂಚ ಬಂದರೆ ಮಾತ್ರ ಬಾಗಿಲಿಗೆ ಒರಗಿಬಿಡುವುದು. ಕೇಳಿದರೆ ನೆಟ್ಟಗಾಗದ ಎಡ ಮೊಣಕೈ ತೋರಿಸುವುದು. "ಯಾವುದೋ ಕಾಲದಲ್ಲಿ ಬಚ್ಚಲಲ್ಲಿ ಬಿದ್ದೆ ಕಣಮ್ಮ. ಭಾರ ತಡೆಯಲ್ಲ."

ಪಕ್ಕದ ಮಂಚದ ದಢೂತಿ ಆಸಾಮಿಯನ್ನು ಎತ್ತುವಾಗ ಅದೇ ಕೈಗೆ ಏನೂ ಆಗುತ್ತಿರಲಿಲ್ಲ.

ಮುದುಕ ರಸ್ತೆಯಲ್ಲಿ ಬಿದ್ದಿದ್ದನೆಂದು ಯಾರೋ ತಂದು ಸೇರಿಸಿ ಹೋಗಿದ್ದರು. ನೋಡಲು ಬರುವವರಿಲ್ಲ. ಬಾಯಿ ವಾರೆಯಾಗಿ, ಮಾತಿನ ಬದಲು ಬರೀ ಗೊರಗೊರ ಸದ್ದು. ಹಾಲು ಕುಡಿಸಲು ಹೋದರೆ ಬಾಗಿಲಿನಿಂದ ಪಾಠ: "ಕೆನೆ ತೆಗಿ. ಇಲ್ಲಾಂದ್ರೆ ಮುಖಕ್ಕೇ ಉಗೀತಾನೆ."

ಸಹಾಯಕಿಗೆ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣವಿರಲಿಲ್ಲ. ಬೆಳಗ್ಗೆ ಮಕ್ಕಳಿಬ್ಬರ ತಲೆ ಬಾಚಿ, ಡಬ್ಬಿ ಕಟ್ಟಿ, ಓಡಿ ಬರುವಷ್ಟರಲ್ಲಿ ಅವಳಲ್ಲಿ ಉಳಿಯುತ್ತಿದ್ದದ್ದು ಕೈಕಾಲು ಮಾತ್ರ. ಆದರೆ ಮುದುಕ ಬಿದ್ದರೆ ಹೋಗುವುದು ತನ್ನ ಕೆಲಸ, ದೊಡ್ಡಕ್ಕನದಲ್ಲ. ಆಮೇಲೆ ಡಬ್ಬಿಗೆ ತುಂಬುವುದೇನನ್ನು? ಮಧ್ಯಾಹ್ನ ಹೋಗಿ ಹೆಡ್ ಸಿಸ್ಟರ್‌ಗೆ ಹೇಳಿಯೇಬಿಟ್ಟಳು. ಚಾಡಿ ಹೇಳಿದೆ ಅಂತಲೂ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ.

ಮರುದಿನ ಹೆಡ್ ಸಿಸ್ಟರ್ ಖುದ್ದಾಗಿ ಬಂದರು. "ಏನ್ರೀ ದೊಡ್ಡಕ್ಕ, ಮೂಲೆ ಮಂಚಕ್ಕೇನು ಮುಳ್ಳು ಹಾಸಿದೆಯಾ? ಇವತ್ತು ನೀವು ಮಾಡಿ ತೋರಿಸಿ. ಅವಳು ನಿಂತು ನೋಡ್ಲಿ."

"ಬೇರೆ ಯಾವುದಾದ್ರೂ ಮಂಚ ಹೇಳಿ ಸಿಸ್ಟರ್. ಎಲ್ಲಾ ನಾನೇ ಮಾಡ್ತೀನಿ."

"ಇದೇ. ಮಾಡೋಕಾಗಲ್ಲ ಅಂದ್ರೆ ಮನೆಗೆ ಹೊರಡಿ."

ದೊಡ್ಡಕ್ಕ ಸಹಾಯಕಿಯತ್ತ ಒಮ್ಮೆ ನೋಡಿದಳು. ಬಿಸಿನೀರಿನಲ್ಲಿ ಬಟ್ಟೆ ಹಿಂಡಿಕೊಂಡಳು. ಗೋಡೆಯತ್ತ ಮುಖ ಮಾಡಿದ್ದ ಮುದುಕನನ್ನು ಹೊರಳಿಸಿ, ಬಗ್ಗಿ, ಕೆನ್ನೆ ಒರೆಸಲು ಕೈ ಚಾಚಿದಳು.

ಮುದುಕ ಕಣ್ಣು ತೆರೆದ. ಅವಳನ್ನೇ ಬಹಳ ಹೊತ್ತು ನೋಡಿದ. ಸ್ವಾಧೀನವಿದ್ದ ಕೈಯನ್ನು ಮೆಲ್ಲಗೆ ಮೇಲೆತ್ತಿದ.

ಒದ್ದೆ ಬಟ್ಟೆ ನೆಲಕ್ಕೆ ಬಿತ್ತು. ದೊಡ್ಡಕ್ಕನ ಆ ಸೊಟ್ಟ ಮೊಣಕೈ, ಅವಳನ್ನೂ ಕೇಳದೆ, ಅವಳ ಮುಖಕ್ಕೆ ಅಡ್ಡ ಬಂದು ನಿಂತಿತ್ತು.

ಗೊರಗೊರ ಸದ್ದಿನ ನಡುವಿನಿಂದ ಮೊದಲ ಸಲ ಮುದುಕನ ಮಾತು ಹೊರಬಂತು.

"ಹೊಡೆಯಲ್ಲ ಕಣೇ... ಇನ್ನು ಹೊಡೆಯಲ್ಲ."