ಎಡಗಡೆಯ ಗೊಣಗಾಟ

ಹಾಡು ಮುಗಿಯಿತು. ತರಗತಿಯಲ್ಲಿದ್ದ ಮೂವತ್ತು ಮಕ್ಕಳೂ ಚಪ್ಪಾಳೆ ತಟ್ಟಿದರು. ಮುಂದಿನ ಬೆಂಚಿನಲ್ಲಿ ಕುಳಿತ ಮುದುಕ ನಟರೊಬ್ಬರು ಮಾತ್ರ ಇನ್ನೂ ಸ್ಪೀಕರಿನ ಕಡೆಗೇ ಕಿವಿ ಕೊಟ್ಟಿದ್ದರು.

ಟೀಚರಮ್ಮ ಹಿಗ್ಗಿ ಹೀರೇಕಾಯಿಯಾಗಿದ್ದಳು. ಹಳೆಯ ಸಂಗೀತ ನಾಟಕದ ಪಾಠ ಅಂದರೆ ಆಕಳಿಸುತ್ತಿದ್ದ ಮಕ್ಕಳಿಗಾಗಿ ಕಂಪ್ಯೂಟರಿನಲ್ಲಿ ಇಡೀ ರಂಗಮಂದಿರವನ್ನೇ ಎಬ್ಬಿಸಿದ್ದಳು. ಬೆರಳಿಟ್ಟರೆ ತೆರೆ ಏಳುತ್ತಿತ್ತು, ದೀಪ ಹತ್ತುತ್ತಿತ್ತು. ಹಾಡಿನ ಟೇಪು ಕೊಟ್ಟವರು ಈ ನಟರೇ. ನಲವತ್ತೈದು ವರ್ಷದ ಸುರುಳಿ, ಕಂಪ್ಯೂಟರಿಗೆ ಇಳಿಸುವಷ್ಟರಲ್ಲಿ ಪುಡಿಪುಡಿಯಾಗಿ ಉದುರಿಹೋಗಿತ್ತು.

"ಇದು ನಾನು ಕೊಟ್ಟ ಟೇಪೇನಾ?" ಎಂದರು ನಟರು.

"ಅದೇ ತಾತ. ಗುರುತೇ ಸಿಗದ ಹಾಗೆ ತೊಳೆದಿಟ್ಟಿದ್ದೀನಿ. ಜನರ ಕೆಮ್ಮು, ಕುರ್ಚಿ ಕಿರುಗುಟ್ಟೋದು, ಎಲ್ಲ ಸಲೀಸಾಗಿ ಹೋಯ್ತು. ಎಡಗಡೆ ಯಾರೋ ಹೆಂಗಸು ಮಾತ್ರ ಸಾಕುಸಾಕು ಮಾಡಿಬಿಟ್ರು. ನೀವು ಬಾಯಿ ತೆರೆಯೋಕೆ ಮುಂಚೆ ಪ್ರತಿ ಸಾಲಿಗೂ ಗೊಣಗಾಟ. ಒಂದೊಂದೇ ಹೆಕ್ಕಿ ತೆಗೆಯೋಕೆ ಎರಡು ವಾರ ಹಿಡೀತು."

ನಟರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

"ನಂಗೆ ಜನ್ಮದಲ್ಲೇ ಒಂದು ಸಾಲು ಬಾಯಿಪಾಠ ಆಗ್ತಿರಲಿಲ್ಲಮ್ಮ. ನನ್ನ ಹೆಂಡ್ತಿ ಎಡಗಡೆ ಪರದೆ ಮರೆಯಲ್ಲಿ ಕೂತು ಹಾಡು, ಮಾತು ಎಲ್ಲ ಎತ್ತಿಕೊಡ್ತಿದ್ಲು. ಅವಳು ಹೋದ ಮೇಲೆ ಅವಳ ದನಿ ಅಂತ ಉಳಿದಿದ್ದು ಅದೊಂದೇ. ಟೇಪು ಹಾಕೋ ಯಂತ್ರ ಕೆಟ್ಟು ಎಷ್ಟೋ ವರ್ಷ ಆಯ್ತು. ಒಂದ್ಸಲ ಕೇಳಿಸ್ಕೊಳ್ಳೋಣ ಅಂತಲೇ ನಿನ್ನ ಕೈಗೆ ಕೊಟ್ಟೆ."

ಟೀಚರಮ್ಮ ಕಂಪ್ಯೂಟರಿನ ಕಡೆ ತಿರುಗಿ ನೋಡಿದಳು.

"ತೊಳೆಯೋಕೆ ಮುಂಚಿನದು ಇರಬೇಕಲ್ಲ?" ಎಂದರು ನಟರು.

"ಅಳಿಸಿಬಿಟ್ಟೆ, ತಾತ. ಕಂಪ್ಯೂಟರಲ್ಲಿ ಜಾಗ ಸಾಲಲಿಲ್ಲ." ಮಾಡಬಾರದ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದೆನಲ್ಲ ಎಂದು ಅವಳಿಗೆ ತನ್ನ ಕೈಗಳ ಮೇಲೇ ಸಿಟ್ಟು ಬಂತು.

"ಹೋಗ್ಲಿ ಬಿಡು. ನಾನೇನು ಕಮ್ಮಿಯಾ? ದಿನಾ ಬೈತಿದ್ದೆ. ಮೆಲ್ಲಗೆ ಹೇಳೇ, ಜನಕ್ಕೆ ಕೇಳಿಸಿದ್ರೆ ನನ್ನ ಮಾನ ಹೋಗುತ್ತೆ ಅಂತ."

ಹಿಂದಿನ ಬೆಂಚಿನ ಹುಡುಗಿಯೊಬ್ಬಳಿಗೆ ಇದೊಂದೂ ಕೇಳಿಸಿರಲಿಲ್ಲ. ಎದ್ದು ನಿಂತು, "ತಾತ, ಅದೇ ಹಾಡು ಈಗ ಹಾಡ್ತೀರಾ?" ಎಂದಳು. ಉಳಿದವರೂ ದನಿಗೂಡಿಸಿದರು. ಬೇಡವೆನ್ನಲಾಗದೆ ನಟರು ಎದ್ದರು, ಗಂಟಲು ಸರಿಮಾಡಿಕೊಂಡರು. ಆಮೇಲೆ ಕತ್ತನ್ನು ಎಡಕ್ಕೆ ತುಸು ವಾಲಿಸಿ ಸುಮ್ಮನೆ ನಿಂತರು. ಮಕ್ಕಳು ಮುಖ ಮುಖ ನೋಡಿಕೊಂಡರು.

ಟೀಚರಮ್ಮನಿಗೆ ಅರ್ಥವಾಯಿತು. ಹಾಡಿನ ಹಾಳೆ ಹಿಡಿದು ಅವರ ಎಡಗಡೆಗೆ ಹೋಗಿ ನಿಂತು, ಮಕ್ಕಳಿಗೆ ಕೇಳಿಸದ ಹಾಗೆ ಮೊದಲ ಸಾಲನ್ನು ಪಿಸುಗುಟ್ಟಿದಳು.

ನಟರು ಹಾಡಲಿಲ್ಲ.

"ಜೋರಾಗಿ ಹೇಳಮ್ಮ," ಎಂದರು. "ಜನಕ್ಕೆ ಕೇಳಿಸಿದ್ರೆ ಕೇಳಿಸ್ಲಿ."